ಹಳೆಯ ಮೋಟಾರಿನ ಕಡಲಯಾನ

ಸಂಸಾರದ ಸಾಮಾನು ಕಟ್ಟಿಕೊಂಡು ಊರಿಂದೂರಿಗೆ ಹೋದ ಅನುಭವ ನಮ್ಮ ವಾಚಕರಲ್ಲಿ ಯಾರಿಗಿಲ್ಲ? ಧಾರವಾಡದಿಂದ ಲಾರಿಯಲ್ಲಿ ಬಂದ ಅಜ್ಜನ ಕಾಲದ ಬೀರುವಿನ ಕಾಲು ಮುರಿದಿದ್ದರೆ ಬಡಗಿಯನ್ನು ಕರೆಸಿ ಸಮಾಧಾನಪಟ್ಟುಕೊಂಡವರೇ ನಾವೆಲ್ಲ. ಈಚೆಗೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮಗನ ಪತ್ರವನ್ನು ತಂದು ತೋರಿಸಿದರು. ಇಂಗ್ಲೆಂಡಿನಲ್ಲಿದ್ದ ಆತನಿಗೆ ಈಗ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿದೆ. ಹುಬ್ಬಳ್ಳಿಯಲ್ಲಿ ಅಜ್ಜ ಓಡಿಸುತ್ತಿದ್ದಂಥದೇ ಒಂದು ಮಾರಿಸ್ ಮೈನರ್ ಕಾರನ್ನು ಅವನು ಇಂಗ್ಲೆಂಡಿನಲ್ಲಿ ಕೊಂಡು, ರಜಾ ದಿನಗಳಲ್ಲಿ ಸ್ವಂತ ಕೈಯಿಂದ ದುರಸ್ತಿ ಮಾಡಿದ್ದಾನೆ. ಅದನ್ನು ಹಡಗಿಗೇರಿಸಬಹುದೇ ಎಂಬುದು ಪ್ರಶ್ನೆ. ಏರಿಸಬಹುದು, ಆದರೆ ಅದಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು ಒಂದೆರಡಲ್ಲ.

ಕಡಲಿನ ಪಾಲಾದ ಕಾರುಗಳ ಪೈಕಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು 'ನಾರ್ಸ್‌ಮನ್' ಎಂಬುದರ ಕಥೆ. ಅಮೆರಿಕದ ಕ್ರೈಸ್ಲರ್ ಕಂಪನಿಯವರು ಇಟಲಿಯ ಟ್ಯೂರಿನ್ ನಗರದ ಘಿಯಾ ಕಾರ್ಖಾನೆಯಲ್ಲಿ ಕಟ್ಟಿಸಿದ ಕಾರು ಅದು. ಮುಂಗಾಜಿನ ಎರಡು ಬದಿಗೂ ಇರಬೇಕಾದ ಕಂಬಗಳೇ ಅದಕ್ಕಿರಲಿಲ್ಲ. ಚಾವಣಿಯು ಹಿಂದಿನಿಂದ ಚಾಚಿಕೊಂಡು ನಿಂತಿತ್ತು. ಅಂಥದು ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು. 1956ರ ಜುಲೈಯಲ್ಲಿ ಅದನ್ನು 'ಆಂಡ್ರಿಯಾ ಡೋರಿಯಾ' ಹಡಗಿನ ಹೊಟ್ಟೆಯಲ್ಲಿರಿಸಿ ನ್ಯೂಯಾರ್ಕಿಗೆ ಕಳುಹಿಸಿದರು. 25ನೆಯ ತಾರೀಖಿನ ರಾತ್ರಿ, ಇನ್ನೇನು ಮರುದಿನ ದಡ ಸೇರಬೇಕು, ನ್ಯಾಂಟಕೆಟ್ ದ್ವೀಪದಾಚೆಯ ಮಂಜಿನಲ್ಲಿ 'ಸ್ಟಾಕ್‌ಹೋಮ್' ಎಂಬ ಹಡಗು ಬಂದು ಬದಿಗೆ ಗುದ್ದಿತು. ಸುಮಾರು ಹನ್ನೊಂದು ಗಂಟೆಗಳ ತರುವಾಯ ಆಂಡ್ರಿಯಾ ಡೋರಿಯಾ ಮುಳುಗಿತು. ಎರಡೂ ಹಡಗುಗಳಲ್ಲಿ ಸೇರಿ 51 ಮಂದಿ ಪ್ರಾಣ ಕಳೆದುಕೊಂಡರು. ಅದರ ಮುಂದೆ ಕಾರಿನ ಮಾತು ಸಣ್ಣದೇ ಸರಿ. ಆದರೆ ನಾರ್ಸ್‌ಮನ್ನನ್ನು ಜನರು ಯಾವ ಪ್ರದರ್ಶನದಲ್ಲಿಯೂ ಕಾಣದೆಯೇ ಹೋದರು.

ಇದಕ್ಕೆ ಹೋಲಿಸಿ 2022ರ ಘಟನೆಯನ್ನು ನೋಡಿರಿ. ಜರ್ಮನಿಯಿಂದ ಅಮೆರಿಕಕ್ಕೆ ಸುಮಾರು 4000 ಕಾರುಗಳನ್ನು ಹೊತ್ತಿದ್ದ 'ಫೆಲಿಸಿಟಿ ಏಸ್' ಹಡಗಿಗೆ ಫೆಬ್ರವರಿಯಲ್ಲಿ ಅಜೋರ್ಸ್ ದ್ವೀಪಗಳ ಬಳಿ ಬೆಂಕಿ ತಗುಲಿತು. ಹಡಗಿನವರು 22 ಜನರೂ ಬದುಕಿದರು. ಹಡಗು ಮಾತ್ರ ಮಾರ್ಚಿ 1ರಂದು ಮುಳುಗಿತು. ಅದರಲ್ಲಿ ಹೋದ ತಮ್ಮ 15 ಅವೆಂಟಡಾರ್ ಕಾರುಗಳಿಗೆ ಬದಲಾಗಿ ಲ್ಯಾಂಬೋರ್ಗಿನಿಯವರು ತಯಾರಿಕೆಯನ್ನೇ ಮರಳಿ ಆರಂಭಿಸಿದರು. ಹೊಸ ಕಾರಿಗೆ ಆ ಭಾಗ್ಯ ಉಂಟು. ಮಾರಿಸ್ ಮೈನರ್ ಕಾರುಗಳು ಹದಿನಾರು ಲಕ್ಷ ತಯಾರಾದುವು ನಿಜ, ಆದರೆ ನಮ್ಮ ಹುಡುಗ ರಾತ್ರಿಯೆಲ್ಲ ಕೂತು ತಿಕ್ಕಿ ಬಣ್ಣ ಬಳಿದದ್ದು ಒಂದನ್ನೇ.

ಹಾಗೆ ನೋಡಿದರೆ ನಡುಗಡಲಿಗಿಂತ ಹಡಗುಕಟ್ಟೆಯ ಭಯವೇ ಹೆಚ್ಚು. ಮಂಗಳೂರಿನವರು ಹಡಗುಕಟ್ಟೆಗೆ 'ಧಕ್ಕೆ' ಎನ್ನುತ್ತಾರೆ. ಹಾನಿಗೂ ನಾವು ಅದೇ ಮಾತನ್ನು ಬಳಸುತ್ತೇವೆ! ಕಾರನ್ನು ಓಡಿಸಿಕೊಂಡೇ ಹಡಗಿನೊಳಗೆ ಒಯ್ಯುವ ಪದ್ಧತಿ ಒಂದುಂಟು. ಅಲ್ಲಿ ಬೀಗದ ಕೈಯನ್ನು ಅಪರಿಚಿತ ಚಾಲಕನಿಗೆ ಒಪ್ಪಿಸಬೇಕು. ಹಳೆಯ ಗೇರುಗಳ ಹಟಮಾರಿತನ, ಹಿಡಿಯದ ಕೈಬ್ರೇಕು ಆತನಿಗೇನು ಗೊತ್ತು? ಅದಕ್ಕಿಂತ ಕಬ್ಬಿಣದ ಕಂಟೇನರು ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಅದರೊಳಗೂ, ಹಡಗು ಹೊಯ್ದಾಡುವಾಗ ಕಾರಿನ ಸ್ಪ್ರಿಂಗುಗಳು ಕುಗ್ಗಿ ಹಿಗ್ಗಿ ಕಟ್ಟಿದ ಪಟ್ಟಿಗಳು ಸಡಿಲವಾಗುತ್ತವೆ. ಶಾಖದ ಸೀಮೆಯಿಂದ ತಂಪಿನ ಸೀಮೆಗೆ ಹೋದಂತೆ ಒಳಗಿನ ತೇವ ಚಾವಣಿಯಲ್ಲಿ ಹನಿಗೂಡಿ ಕೆಳಗೆ ತೊಟ್ಟಿಕ್ಕುತ್ತದೆ. ಪೆಟ್ರೋಲನ್ನು ಅತ್ಯಲ್ಪವಾಗಿ ಉಳಿಸಿ, ಬ್ಯಾಟರಿಯ ತಂತಿಯನ್ನು ಕಳಚಿಡುವುದು ಬೆಂಕಿಯ ಭಯದಿಂದ.

ಇನ್ನು ವಿಮೆ. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಅಮೆರಿಕದ ವಿಲಿಯಂ ಕಾರ್ಟರ್ ಎಂಬವರ ರೆನೋ ಕಾರು ಇತ್ತು. ಸರಕಿನ ಪಟ್ಟಿಯಲ್ಲಿ ಅದಕ್ಕಿದ್ದ ವರ್ಣನೆ ಒಂದು ಪೆಟ್ಟಿಗೆ ಮೋಟಾರು ಎಂದಿಷ್ಟೇ. ಬದುಕಿ ಬಂದ ಕಾರ್ಟರ್ 5000 ಡಾಲರು ಪರಿಹಾರ ಕೇಳಿದರು. ಹಳೆಯ ಕಾರಿಗೆ ಪೇಟೆಯ ಧಾರಣೆಯೆಂಬುದೊಂದು ಇರುವುದಿಲ್ಲವಾದ್ದರಿಂದ, ಇದರ ಬೆಲೆ ಇಷ್ಟು ಎಂದು ಎರಡು ಕಡೆಯವರೂ ಮೊದಲೇ ಒಪ್ಪಿ ಬರೆದ ವಿಮಾಪತ್ರವೇ ಬೇಕು. ಹಡಗು ಪೂರ್ತಿ ಮುಳುಗಿದರೆ ಮಾತ್ರ ಹಣ ಕೊಡುವ ಅಗ್ಗದ ವಿಮೆಗಳೂ ಉಂಟು. ಬಾಗಿಲು ಜಜ್ಜಿಹೋದರೆ ಅವುಗಳಿಂದ ಕಾಸೂ ದೊರೆಯದು.

ಕಾರಿಗೆ ಕೂದಲೂ ಕೊಂಕದಿದ್ದರೂ ಒಡೆಯನಿಗೆ ದಂಡ ಬೀಳುವುದುಂಟು ಎಂದರೆ ವಾಚಕರು ನಂಬಲಾರರು. ಹಡಗನ್ನು ಅಪಾಯದಿಂದ ಪಾರುಮಾಡಲು ಆದ ವೆಚ್ಚವನ್ನು ಸರಕಿನವರೆಲ್ಲರೂ ಹಂಚಿಕೊಳ್ಳಬೇಕೆಂಬುದು ಕಡಲಿನ ಪುರಾತನ ಕಟ್ಟಳೆ. 'ಜನರಲ್ ಆವರೇಜ್' ಎಂದು ಅದಕ್ಕೆ ಹೆಸರು. 2021ರ ಮಾರ್ಚಿಯಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ 'ಎವರ್ ಗಿವನ್' ಹಡಗಿನ ಒಡೆಯರು ಇದನ್ನೇ ಘೋಷಿಸಿದರು. ಆ ಹಡಗು ಈಜಿಪ್ತಿನಿಂದ ಬಿಡುಗಡೆಯಾಗಲು ಜುಲೈ ಬಂತು. ವಿಮೆ ಇದ್ದರೆ ಈ ಹೊರೆಯನ್ನು ವಿಮೆಯವರು ಹೊರುತ್ತಾರೆ. ಇಲ್ಲದವನು ಜಾಮೀನು ಕೊಡುವವರೆಗೆ ತನ್ನ ಮಾಲನ್ನೇ ಮುಟ್ಟುವಂತಿಲ್ಲ.

ಕಡಲು ದಾಟಿದ ಮೇಲೆ ಕಾನೂನು. ಆಸ್ಟ್ರೇಲಿಯದಲ್ಲಿ 2003ರ ಡಿಸೆಂಬರ್ 31ರಿಂದ ಆಸ್ಬೆಸ್ಟಾಸಿಗೆ ಸಂಪೂರ್ಣ ನಿಷೇಧವಿದೆ. ಹಳೆಯ ಕಾರುಗಳ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಅದು ಸರ್ವೇಸಾಮಾನ್ಯ. ಇಲ್ಲವೆಂದು ರುಜುವಾತು ಮಾಡುವ ಹೊಣೆ ತರಿಸುವವನದು. ಸಂಶಯ ಬಂದರೆ ಕಾರನ್ನು ತಡೆದಿಟ್ಟು, ಬಿಚ್ಚಿ, ಚೂರು ತೆಗೆದು ಪರೀಕ್ಷಿಸುತ್ತಾರೆ. ಖರ್ಚು ಒಡೆಯನ ಮೇಲೆ. ಆಮದಿನ ಅನುಮತಿಯಂತೂ ಹಡಗಿಗೇರಿಸುವ ಮುನ್ನವೇ ಕೈಯಲ್ಲಿರಬೇಕು.

ಇಷ್ಟನ್ನೂ ನಾವು ಆ ಹಿರಿಯರಿಗೆ ಹೇಳಿದೆವು. ಅವರು ಮಗನಿಗೆ ಬರೆದರು. ಮೊನ್ನೆ ಉತ್ತರ ಬಂದಿದೆ. ಬ್ರೇಕಿನ ಪಟ್ಟಿಗಳನ್ನು ಬದಲಿಸಿ ರಸೀದಿ ಇಟ್ಟುಕೊಂಡಿದ್ದಾನಂತೆ. ಕ್ಲಚ್ಚನ್ನು ಬಿಚ್ಚುವುದು ಬಾಕಿ. ಕಾರು ಇನ್ನೂ ಇಂಗ್ಲೆಂಡಿನ ಸ್ನೇಹಿತನ ಷೆಡ್ಡಿನಲ್ಲಿಯೇ ಇದೆ.