ಉಬ್ಬಿದ ತಗಡಿನ ಉಪಚಾರ

ಹಿತ್ತಿಲಿನ ಕೊಟ್ಟಿಗೆಯಲ್ಲಿ ಒಂದು ಅಡೆಗಲ್ಲು, ಎರಡು ಸುತ್ತಿಗೆ, ಒಂದು ಮರದ ಕೊಡತಿ ಇಷ್ಟನ್ನಿಟ್ಟುಕೊಂಡು ಬಿಡುವಿನ ವೇಳೆಯನ್ನು ಲೋಹದ ಕೆಲಸದಲ್ಲಿ ಕಳೆಯಬಯಸುವ ಗೃಹಸ್ಥನಿಗೆ ಮೊತ್ತಮೊದಲು ಒದಗುವ ಸಂಕಟ ಯಾವುದೆಂದರೆ, ಚಪ್ಪಟೆಯಾಗಿರಬೇಕಾದ ತಗಡು ಹಾಗಿರಲೊಲ್ಲದಿರುವುದು. ಬಚ್ಚಲುಮನೆಯ ಹಂಡೆಗೆ ಮುಚ್ಚಳವಾಗಲೆಂದು ನಾನು ಕತ್ತರಿಸಿದ ತಾಮ್ರದ ತಗಡಿನ ನಡುವೆ ಅಂಗೈಯಗಲದ ಉಬ್ಬೊಂದಿತ್ತು. ಉಬ್ಬನ್ನು ತಗ್ಗಿಸಲು ಅದರ ನೆತ್ತಿಯ ಮೇಲೆ ಬಡಿಯದೆ ಇನ್ನೆಲ್ಲಿ ಬಡಿಯಬೇಕೆಂಬ ಸಹಜಬುದ್ಧಿಯಿಂದ ಅರ್ಧ ಗಂಟೆ ಬಡಿದೆ. ಅದು ಈ ಬದಿಯಿಂದ ಆ ಬದಿಗೆ ನೆಗೆದು, ಮೊದಲಿಗಿಂತ ಹಿರಿದಾಗಿ ಕುಳಿತಿತು.

ಈ ಮೌಢ್ಯ ನನ್ನೊಬ್ಬನದಲ್ಲ. ಆಂಗ್ಲ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರನು 1873ರಲ್ಲಿ ಹೊರಬಂದ ತನ್ನ ಸಮಾಜಶಾಸ್ತ್ರದ ಗ್ರಂಥದಲ್ಲಿ ಇಂತಹುದೇ ಉಬ್ಬಿದ ಕಬ್ಬಿಣದ ಫಲಕವೊಂದನ್ನು ಉದಾಹರಿಸಿ, ಉಬ್ಬಿನ ಮೇಲೆ ಹೊಡೆದವನು ಅದನ್ನು ಕೆಡಿಸುವನೆಂದೂ ಕುಶಲಕರ್ಮಿಯು ಬೇರೆಡೆ ಹೊಡೆದು ಸರಿಪಡಿಸುವನೆಂದೂ ವಿವರಿಸಿ, ಅಲ್ಲಿಂದ ಮುಂದೆ ಸಮಾಜವನ್ನು ತಿದ್ದಹೊರಟವರಿಗೆ ಬುದ್ಧಿ ಹೇಳುತ್ತಾನೆ. ಸಮಾಜ ಅವನ ಪಾಲಿಗಿರಲಿ; ನನಗೆ ತಗಡೇ ಸಾಕಾಗಿದೆ.

ತಗಡಿನ ಒಂದು ಭಾಗ ಹಿಗ್ಗಿ ಸಡಿಲಗೊಂಡು, ಅದರ ಸುತ್ತಣ ಭಾಗ ಬಿಗಿಯಾಗಿಯೇ ಉಳಿದರೆ, ಹೆಚ್ಚಾದ ಲೋಹಕ್ಕೆ ನೆಲೆಯಿಲ್ಲದೆ ಅದು ಮೇಲಕ್ಕೋ ಕೆಳಕ್ಕೋ ಏಳುತ್ತದೆ. ಈ ಹೆಚ್ಚಳ ಎಷ್ಟು ಅಲ್ಪವೆಂದರೆ, ಎರಡು ತುದಿಗಳೂ ಕದಲದಂತೆ ಬಿಗಿದ 300 ಮಿಲಿಮೀಟರ್ ಪಟ್ಟಿಯೊಂದು ಕೇವಲ 0.22 ಮಿಲಿಮೀಟರಿನಷ್ಟು ಬೆಳೆದರೆ ಸಾಕು, ನಡುವೆ 5 ಮಿಲಿಮೀಟರ್ ಎದ್ದುನಿಲ್ಲುತ್ತದೆ. ಉಕ್ಕಿನ ಸುತ್ತಿಗೆಗೂ ಅಡೆಗಲ್ಲಿಗೂ ನಡುವೆ ಸಿಕ್ಕಿದ ತಗಡು ಪ್ರತಿಯೊಂದು ಪೆಟ್ಟಿಗೂ ತೆಳುವಾಗಿ ಹರಡುವುದರಿಂದ, ಉಬ್ಬಿನ ಮೇಲೆ ಬಡಿಯುವವನು ವಾಸ್ತವದಲ್ಲಿ ಅದಕ್ಕೆ ಉಣಬಡಿಸುತ್ತಿರುತ್ತಾನೆ. ಅಂಚೇ ಹಿಗ್ಗಿದರೆ ರೋಗದ ಲಕ್ಷಣ ಬೇರೆ: ಅಂಚನ್ನೇ ಒತ್ತಿ ಲಟ್ಟಿಸಿದ ಹಪ್ಪಳದಂತೆ ತಗಡು ಅಲೆಯಲೆಯಾಗಿ ನೆರಿಗೆಗಟ್ಟುತ್ತದೆ.

ಆದಕಾರಣ ಮೊದಲ ಕೆಲಸ ಸುತ್ತಿಗೆಯದಲ್ಲ, ಕಣ್ಣಿನದು ಮತ್ತು ಬೆರಳಿನದು. ತಗಡನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ನೋಡಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಒಳಸರಿಯುವ ಜಾಗವನ್ನು ಸೀಮೆಸುಣ್ಣದಿಂದ ಸುತ್ತುಗಟ್ಟಬೇಕು. ಸುರುಳಿಯ ಹಾಗೆ ಒಂದೇ ದಿಕ್ಕಿಗೆ ಬಾಗಿರುವುದಾದರೆ ಲೋಹ ಹಿಗ್ಗಿಲ್ಲವೆಂದೇ ಅರ್ಥ. ಕೈಯಿಂದ ಹಿಂದಕ್ಕೆ ಬಾಗಿಸಿ, ಮರದ ದಿಮ್ಮಿಯ ಮೇಲೆ ಕೊಡತಿಯಿಂದ ನಾಲ್ಕು ಪೆಟ್ಟು ಕೊಟ್ಟರೆ ತೀರಿತು, ಏಕೆಂದರೆ ಮರದ ಮೇಲೆ ಮರದ ಪೆಟ್ಟು ತಗಡನ್ನು ಬಾಗಿಸುವುದಲ್ಲದೆ ಹೆಚ್ಚು ಹಿಗ್ಗಿಸುವುದಿಲ್ಲ. ಬೋಗುಣಿಯಂತೆ ಎರಡು ದಿಕ್ಕಿಗೂ ಬಾಗಿರುವುದನ್ನು ಮಾತ್ರ ಹಿಗ್ಗಿಸದೆ, ಕುಗ್ಗಿಸದೆ ಸಮತಲಕ್ಕೆ ತರಲಾಗದೆಂಬುದು ಗಣಿತಜ್ಞ ಗೌಸನು 1827ರಲ್ಲಿ ಮಂಡಿಸಿದ ಪ್ರಮೇಯದಿಂದಲೇ ಸಿದ್ಧಿಸುತ್ತದೆ. ಆ ಪ್ರಮೇಯದ ಹೆಸರನ್ನೂ ಕೇಳದ ಕಂಚುಗಾರನ ಕೈಗಾದರೋ ಅದು ಚೆನ್ನಾಗಿ ಗೊತ್ತು.

ನಡು ಸಡಿಲವಾಗಿದ್ದರೆ ಉಬ್ಬನ್ನು ಮುಟ್ಟದೆ, ಅದರ ಸೀಮೆಯಾಚೆಯಿಂದ ತೊಡಗಿ ಅಂಚಿನ ಕಡೆಗೆ ಸುತ್ತುಸುತ್ತಾಗಿ ಹಗುರವಾದ ಪೆಟ್ಟುಗಳನ್ನಿಡುತ್ತ, ಹೊರಹೋದಂತೆಲ್ಲ ಅವುಗಳನ್ನು ದಟ್ಟವಾಗಿಸಬೇಕು. ಬಿಗಿಯಾಗಿದ್ದ ಅಂಚು ಸ್ವಲ್ಪಸ್ವಲ್ಪವೇ ಹಿಗ್ಗಿ ನಡುವಿಗೆ ಅವಕಾಶ ಕೊಡಲು, ಉಬ್ಬು ತಾನಾಗಿಯೇ ಇಳಿಯುತ್ತದೆ. ಅಂಚು ನೆರಿಗೆಗಟ್ಟಿದ್ದರೆ ಪೆಟ್ಟುಗಳು ನಡುವಿಗೆ ಸಲ್ಲಬೇಕು. ಸುತ್ತಿಗೆಯ ಮುಖದಲ್ಲಿ ಗೀರಿದ್ದರೆ ಅಷ್ಟೂ ಗೀರು ತಗಡಿನಲ್ಲಿ ಅಚ್ಚಾಗುವುದರಿಂದ ಅದನ್ನು ಮೊದಲೇ ನುಣುಪಾಗಿ ಉಜ್ಜಿಡುವುದು ಮೇಲು. ಬಡಿತಕ್ಕೆ ಪೆಡಸಾದ ತಾಮ್ರವನ್ನು ಮಬ್ಬುಗೆಂಪಾಗುವವರೆಗೆ ಕಾಯಿಸಿ ನೀರಿಗಿಳಿಸಿದರೆ ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಮಾತ್ರ ಮೋಸಗಾರ. ಕೆಂಪಾಗಿ ತೋರದೆಯೇ 660 ಡಿಗ್ರಿಗೆ ಕರಗಿಬಿಡುತ್ತದೆ. ಅದರ ಮೇಲೆ ಸಾಬೂನು ಸವರಿ, ಸಾಬೂನು ಕಪ್ಪಾದೊಡನೆ ಉರಿಯನ್ನು ತೆಗೆಯುವುದು ಅನುಭವಿಗಳ ಉಪಾಯ.

ಮೋಟಾರುಗಳ ನೆಗ್ಗು ತೆಗೆಯುವ ಟಿಂಕರಿಂಗ್ ಕೆಲಸದವರು ಉಕ್ಕಿನ ತಗಡಿಗೆ ಇನ್ನೊಂದು ಚಿಕಿತ್ಸೆಯನ್ನು ಮಾಡುತ್ತಾರೆ. ಉಬ್ಬಿನ ನೆತ್ತಿಯಲ್ಲಿ ನಾಣ್ಯದಗಲದ ಒಂದು ಚುಕ್ಕೆಯನ್ನಷ್ಟೇ ಕೆಂಪಗೆ ಕಾಯಿಸುತ್ತಾರೆ. ಕಾದ ಲೋಹ ಹಿಗ್ಗಲು ಹವಣಿಸಿದರೂ ಸುತ್ತಣ ತಣ್ಣನೆಯ ಲೋಹ ದಾರಿಗೊಡದ ಕಾರಣ, ತನ್ನಲ್ಲೇ ದಪ್ಪಗಾಗಿ, ಆರಿದಾಗ ಮೊದಲಿಗಿಂತ ಕಿರಿದಾಗಿ ಸುತ್ತಣ ತಗಡನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಎತ್ತಿನ ಬಂಡಿಯ ಗಾಲಿಗೆ ಕಾದ ಕಬ್ಬಿಣದ ಪಟ್ಟೆಯನ್ನು ತೊಡಿಸಿ ನೀರೆರೆಯುವುದನ್ನು ಕಮ್ಮಾರಸಾಲೆಯ ಮುಂದೆ ನಿಂತು ನೋಡಿದವರಿಗೆ ಈ ಸೆಳೆತದ ಬಲ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ನನ್ನ ಮುಚ್ಚಳ ಎರಡು ಭಾನುವಾರಗಳನ್ನು ನುಂಗಿ ಹಂಡೆಯ ಮೇಲೆ ಕುಳಿತಿದೆ. ನೀರು ಮರಳತೊಡಗಿದಾಗ ಅದು ಒಮ್ಮೆ ಟಕ್ಕೆನ್ನುತ್ತದೆ. ನಡು ಇನ್ನೂ ಕೂದಲೆಳೆಯಷ್ಟು ಸಡಿಲ.