ಕೃಷ್ಣರಾಜನಗರ: ಒಂದು ಬೇಸಾಯದ ಪಟ್ಟಣದ ಸ್ವರೂಪ

ಪಟ್ಟಣಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೋಟೆ, ಅರಮನೆ, ದೇವಾಲಯಗಳಿಂದ ಆರಂಭಿಸುತ್ತೇವೆ. ಸುತ್ತಣ ಗದ್ದೆಗಳಿಂದಲೇ ಬದುಕುವ ಪಟ್ಟಣಗಳು ನಮ್ಮ ಗಮನಕ್ಕೆ ಬರುವುದು ವಿರಳ. ಮೈಸೂರು ಜಿಲ್ಲೆಯ ಕೃಷ್ಣರಾಜನಗರವು ಅಂತಹದೊಂದು ಪಟ್ಟಣ.

ತಾಲ್ಲೂಕಿನ ಹಿಂದಿನ ಕೇಂದ್ರ ಎಡತೊರೆ. ಕಾವೇರಿಯ ದಡದಲ್ಲಿ, ಅರ್ಕೇಶ್ವರನ ಸನ್ನಿಧಿಯಲ್ಲಿ ಬೆಳೆದ ಆ ಊರಿಗೆ ನದಿಯೇ ಜೀವ, ನದಿಯೇ ಭಯ. 1924ರಲ್ಲಿ ಕಾವೇರಿ ಕಣಿವೆಯನ್ನು ನಡುಗಿಸಿದ ಮಹಾಪ್ರವಾಹದ ತರುವಾಯ, 1925ರಿಂದ 1930ರ ಅವಧಿಯಲ್ಲಿ, ಎಡತೊರೆಗೆ ಸಮೀಪದಲ್ಲೇ ಹೊಸ ಪಟ್ಟಣವು ನಿರ್ಮಾಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಅದಕ್ಕೆ ಇಡಲಾಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರವು ಹೆದ್ದಾರಿಯ ಬದಿಯಲ್ಲಿ ತಾನೇತಾನಾಗಿ ಬೆಳೆದ ಹೋಬಳಿ ಕೇಂದ್ರ. ಕೃಷ್ಣರಾಜನಗರವಾದರೋ ಒಂದು ತೀರ್ಮಾನದಿಂದ ಹುಟ್ಟಿದ ಊರು.

ಈ ದೃಷ್ಟಿಯಿಂದ ಕೆನಡಾದ ಬಯಲುಸೀಮೆಯ ಪಟ್ಟಣಗಳು ನೆನಪಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುಮಾರ್ಗದ ಗುಂಟ ನೇರ ಬೀದಿಗಳ ನಕ್ಷೆಯಂತೆ ಅವು ಎದ್ದವು. ನಿಲ್ದಾಣದ ಬಳಿಯ ಗೋಧಿಯ ಕಣಜಗಳೇ ಅವುಗಳ ಗುರುತು. ಆದರೆ ಅವು ಮೂಲನಿವಾಸಿಗಳಿಂದ ಪಡೆದ ನೆಲದಲ್ಲಿ ಹೊರಗಿನಿಂದ ಬಂದವರು ಕಟ್ಟಿದ ಊರುಗಳು. ಇಲ್ಲಿ ಹಳೆಯ ಊರು ಪಕ್ಕದಲ್ಲೇ ಉಳಿಯಿತು: ಕಚೇರಿ ಮತ್ತು ವ್ಯಾಪಾರ ಹೊಸ ಪಟ್ಟಣದ್ದು, ನದಿಯ ಸ್ನಾನ ಮತ್ತು ದೇವರ ಪೂಜೆ ಎಡತೊರೆಯದು.

ಮೈಸೂರು–ಅರಸೀಕೆರೆ ರೈಲುಮಾರ್ಗವು ಈ ಪಟ್ಟಣವನ್ನು ಹಾದುಹೋಗುತ್ತದೆ. ಆದರೂ ಇದರ ನಿಜವಾದ ಜೀವನಾಡಿ ನಾಲೆ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳಿಂದ ಹೊರಡುವ ಚಾಮರಾಜ, ಮಿರ್ಲೆ ಮೊದಲಾದ ನಾಲೆಗಳು ಈ ತಾಲ್ಲೂಕಿಗೆ ಭತ್ತದ ಕಣಜವೆಂಬ ಹೆಸರನ್ನು ತಂದಿವೆ. ಕೊಡಗಿನಲ್ಲಿ ಮಳೆಯಾಗಿ ನಾಲೆಗೆ ನೀರು ಬಿಟ್ಟರೆ ಒಟ್ಟಲು ಹಾಕುವುದು, ನಾಟಿ. ಕೊಯ್ಲಿನ ಬಳಿಕ ಅಕ್ಕಿ ಗಿರಣಿಗಳಲ್ಲಿ ಕೆಲಸ, ಅಂಗಡಿಗಳಲ್ಲಿ ಹಳೆಯ ಲೆಕ್ಕದ ತೀರುವಳಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ. ನೀರು ತಡವಾದ ವರ್ಷ ಗದ್ದೆಯಷ್ಟೇ ಅಲ್ಲ, ಪೇಟೆಯೂ ಬಾಡುತ್ತದೆ. ಭೂಮಿಯಿಲ್ಲದ ಕೂಲಿಕಾರನಿಗೆ ಆ ಪೆಟ್ಟು ಮೊದಲು ತಾಗುತ್ತದೆ.

ಆದುದರಿಂದ ಇಂತಹ ಪಟ್ಟಣದ ಚರಿತ್ರೆಗೆ ಶಾಸನಗಳೊಂದೇ ಸಾಲವು. ನಾಲೆಯ ನೀರುಗಂಟಿಯ ಅನುಭವ, ಗಿರಣಿಯ ಲೆಕ್ಕದ ಪುಸ್ತಕ, ಸಹಕಾರ ಸಂಘದ ಸಾಲದ ಖಾತೆ ಇವೂ ಆಧಾರಗಳೇ. ಕಲ್ಲಿನ ಶಾಸನವು ಕಾಯಬಲ್ಲದು. ಗೆದ್ದಲು ಹಿಡಿಯುವ ಕಾಗದ ಕಾಯಲಾರದು. ನಮ್ಮ ವಿದ್ಯಾರ್ಥಿಗಳು ರಜೆಗೆ ತಮ್ಮ ಊರುಗಳಿಗೆ ಹೋದಾಗ ಇವುಗಳನ್ನು ಹುಡುಕಿ ನಕಲು ಮಾಡಿಕೊಳ್ಳುವುದು ಈಗ ಆಗಬೇಕಾದ ಕೆಲಸ.