‘ನಮ್ಮೋರು ಟಿಪ್ಪು ಅರಮನೆಯಲ್ಲಿದ್ರು’: ಈ ಮಾತು ಪರೀಕ್ಷಿಸೋದು ಹೇಗೆ?

ಸುಲ್ತಾನ್‌ಪೇಟೆ: ‘ನಮ್ಮ ಹಿರೀಕರು ಟಿಪ್ಪು ಅರಮನೆಯಲ್ಲಿದ್ದೋರು’ ಅಂತ ಮನೆಯಲ್ಲಿ ಅಜ್ಜ ಅಜ್ಜಿ ಹೇಳಿದ್ದುಂಟಾ? ಆ ಅರಮನೆ ಇಲ್ಲಿಂದ ನಡೆದು ಹೋಗುವಷ್ಟೇ ದೂರ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ಪಕ್ಕ. 1781ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ಈ ಬೇಸಿಗೆ ಅರಮನೆಯನ್ನು 1791ರಲ್ಲಿ ಟಿಪ್ಪು ಪೂರ್ತಿ ಮಾಡಿಸಿದ. ತೇಗದ ಕಂಬ, ಕಮಾನು ನೋಡೋಕೆ ಚೆಂದ. ವಂಶಾವಳಿ ಹುಡುಕಿಕೊಂಡು ಹೋದರೆ ಮಾತ್ರ ನಿರಾಸೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ಮಕ್ಕಳನ್ನು ವೆಲ್ಲೂರಿಗೆ, ಅಲ್ಲಿ 1806ರಲ್ಲಿ ಸಿಪಾಯಿ ದಂಗೆ ಎದ್ದ ನಂತರ ಕಲ್ಕತ್ತೆಗೆ ಸಾಗಿಸಿದರು. ಸುಲ್ತಾನನ ವಂಶ ಬೆಳೆದದ್ದು ಹೆಚ್ಚಾಗಿ ಅಲ್ಲೇ. ಇತ್ತ ಅರಮನೆ ಬ್ರಿಟಿಷರ ಆಡಳಿತ ಕಚೇರಿಯಾಯಿತು; 1868ರಲ್ಲಿ ಕಚೇರಿ ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಹೋಯಿತು.

ಇಲ್ಲೇ ಇರೋದು ಸೂಕ್ಷ್ಮ. ‘ಅರಮನೆಯಲ್ಲಿದ್ದರು’ ಅಂದರೆ ಸುಲ್ತಾನನ ನೆಂಟರೇ ಆಗಬೇಕಿಲ್ಲ. ಆ ಕಚೇರಿಯಲ್ಲಿ ಗುಮಾಸ್ತರೋ ಜವಾನರೋ ಆಗಿದ್ದರೂ ಮನೆಮಾತಲ್ಲಿ ಅದು ಅರಮನೆಯೇ! ಹಾಗಿದ್ದರೆ ಹುಡುಕೋದು ಸುಲಭ. ಮೊದಲು ಮನೆಯ ಹಳೇ ಕ್ರಯಪತ್ರ, ಇನಾಮು ಸನದು ತೆಗೆದು ಹಿರಿಯರ ಹೆಸರು, ಊರು, ಇಸವಿ ಬರೆದಿಟ್ಟುಕೊಳ್ಳಿ. ಆಮೇಲೆ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸರ್ಕಾರದ ಹಳೇ ಕಡತಗಳಿರೋದು ಅಲ್ಲಿ.